ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ? ಕಾರು ಕೊಳ್ಳುವ ಮುನ್ನದ ಮೊದಲ ಪ್ರಶ್ನೆ

2009-10ರ ಸುಮಾರಿಗೆ ಡೀಸೆಲ್ ಹ್ಯಾಚ್‌ಬ್ಯಾಕ್ ಕೊಳ್ಳಲು ಹೊರಟವರ ಪಟ್ಟಿಯಲ್ಲಿ ಮಾರುತಿ ಸ್ವಿಫ್ಟ್, ಟಾಟಾ ಇಂಡಿಕಾ ವಿಸ್ಟಾ ಕ್ವಾಡ್ರಾಜೆಟ್, ಫಿಯಟ್ ಗ್ರಾಂಡೆ ಪುಂಟೊ ಎಂಬ ಹೆಸರುಗಳು ಇರುತ್ತಿದ್ದವು. ಯಾವುದರ ಬಾನೆಟ್ ಎತ್ತಿದರೂ ಒಳಗೆ ಕಾಣುತ್ತಿದ್ದದ್ದು ಒಂದೇ ಇಂಜಿನ್, ಫಿಯಟ್‌ನವರ 1.3 ಲೀಟರ್ ಮಲ್ಟಿಜೆಟ್. ಮಾರುತಿ ಅದಕ್ಕೆ ಡಿಡಿಐಎಸ್ ಎಂದು ಹೆಸರಿಟ್ಟಿತು, ಟಾಟಾ ಕ್ವಾಡ್ರಾಜೆಟ್ ಎಂದಿತು. ಕಾಲಕಾಲಕ್ಕೆ ಆಯಿಲ್ ಬದಲಿಸಿದರೆ ಲಕ್ಷಗಟ್ಟಲೆ ಕಿಲೋಮೀಟರ್ ದುಡಿಯುವ ಗಟ್ಟಿ ಇಂಜಿನ್ ಅದು. ಆದರೆ ಐದಾರು ವರ್ಷದ ಮೇಲೆ ಮಾರಲು ಹೋದಾಗ ಮೂರು ಗಾಡಿಗಳ ಹಣೆಬರಹ ಬೇರೆಬೇರೆಯಾಗಿತ್ತು. ಸ್ವಿಫ್ಟ್ ಹುಡುಕಿಕೊಂಡು ಜನ ಮನೆ ಬಾಗಿಲಿಗೆ ಬಂದರು. ಪುಂಟೊ ಇಟ್ಟುಕೊಂಡವರು ಬ್ರೋಕರ್ ಹೇಳಿದ ಬೆಲೆ ಕೇಳಿ ಗಾಡಿಯನ್ನು ವಾಪಸ್ ಮನೆಗೆ ತಂದರು. ಹಾಗೆಂದು ಚಾರ್ಮಾಡಿ ಘಾಟಿಯಲ್ಲಿ ಎರಡನ್ನೂ ಓಡಿಸಿದವರನ್ನು ಕೇಳಿ ನೋಡಿ. ಹೊಂಡ ಗುಂಡಿಗಳನ್ನು ನುಂಗಿಕೊಳ್ಳುವ ಸಸ್ಪೆನ್ಷನ್, ತಿರುವಿನಲ್ಲಿ ತೂಕವಾಗಿ ನಿಲ್ಲುವ ಸ್ಟೀರಿಂಗ್ ಎಂದು ಅವರು ಹೊಗಳುವುದು ಪುಂಟೊವನ್ನೇ.

ಇಂಜಿನ್ ಒಂದೇ ಇದ್ದೂ ಹೀಗಾದದ್ದೇಕೆ? ಗಾಡಿ ಕೈಕೊಡದೆ ಓಡುವುದು ಒಂದು ಗುಣ, ಮಾರುವಾಗ ಬೆಲೆ ಬರುವುದು ಮತ್ತೊಂದು, ಓಡಿಸುವಾಗ ಮನಸ್ಸಿಗೆ ಹಿತವಾಗುವುದು ಇನ್ನೊಂದು. ಒಂದಿದ್ದರೆ ಉಳಿದೆರಡೂ ಇರುತ್ತವೆ ಎಂಬ ಖಾತರಿಯಿಲ್ಲ. ಶೋರೂಮಿಗೆ ಹೋಗುವ ಮೊದಲೇ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕೆಂದು ಮನೆಯಲ್ಲಿ ಕೂತು ತೀರ್ಮಾನಿಸಿಕೊಳ್ಳಬೇಕು. ಆ ತೀರ್ಮಾನಕ್ಕೆ ಬೇಕಾದ ಮೊದಲ ಮಾಹಿತಿ ಇಂಟರ್‌ನೆಟ್‌ನಲ್ಲಿ ಸಿಗುವುದಿಲ್ಲ, ನಿಮ್ಮ ಹತ್ತಿರವೇ ಇದೆ. ಈ ಗಾಡಿಯನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ?

ವರ್ಷದ ಲೆಕ್ಕ

ಒಂದು ಉದಾಹರಣೆಯ ಲೆಕ್ಕ ಹಾಕೋಣ. ಎರಡು ಕಾರುಗಳು, ಎರಡಕ್ಕೂ ಆನ್‌ರೋಡ್ ಬೆಲೆ 12 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಐದು ವರ್ಷದ ನಂತರ ಒಂದಕ್ಕೆ 7 ಲಕ್ಷ ಬರುತ್ತದೆ, ಇನ್ನೊಂದಕ್ಕೆ 5.5 ಲಕ್ಷ. ವ್ಯತ್ಯಾಸ ಒಂದೂವರೆ ಲಕ್ಷ, ಅಂದರೆ ತಿಂಗಳಿಗೆ 2,500 ರೂಪಾಯಿ. ಇದು ಸಣ್ಣ ಮೊತ್ತವೇನಲ್ಲ. ಅದೇ ಕಾರುಗಳನ್ನು ಹತ್ತು ವರ್ಷ ಇಟ್ಟುಕೊಂಡರೆ? ಹತ್ತು ವರ್ಷದ ಹಳೆಯ ಗಾಡಿಗಳ ಬೆಲೆ ಹತ್ತಿರ ಹತ್ತಿರ ಬಂದುಬಿಡುತ್ತದೆ. ಒಂದಕ್ಕೆ 3 ಲಕ್ಷ, ಇನ್ನೊಂದಕ್ಕೆ 2.25 ಲಕ್ಷ ಎಂದುಕೊಂಡರೂ ವ್ಯತ್ಯಾಸ ತಿಂಗಳಿಗೆ 625 ರೂಪಾಯಿ. ಇಷ್ಟು ಹಣಕ್ಕಾಗಿ ಇಷ್ಟವಿಲ್ಲದ ಕಾರನ್ನು ಹತ್ತು ವರ್ಷ ಓಡಿಸಬೇಕೇ ಎಂಬುದು ನನ್ನ ಪ್ರಶ್ನೆ.

ನಮ್ಮಲ್ಲಿ ಬಹಳಷ್ಟು ಕುಟುಂಬಗಳು ಕಾರನ್ನು ಎಂಟು ಹತ್ತು ವರ್ಷ ಓಡಿಸುತ್ತವೆ. ಆದರೆ ಕೊಳ್ಳುವಾಗ ಮಾತ್ರ ಮೂರು ವರ್ಷಕ್ಕೆ ಮಾರುವವರಂತೆ ರೀಸೇಲ್ ಬಗ್ಗೆಯೇ ಚಿಂತಿಸುತ್ತವೆ. ಇನ್ನೊಂದು ಕಡೆ, ಎರಡು ಮೂರು ವರ್ಷಕ್ಕೆ ವರ್ಗವಾಗುವ ಬ್ಯಾಂಕ್ ಉದ್ಯೋಗಿಗಳು, ವಿದೇಶಕ್ಕೆ ಹೋಗುವ ಯೋಚನೆಯಲ್ಲಿರುವ ಸಾಫ್ಟ್‌ವೇರ್ ದಂಪತಿ ರೀಸೇಲನ್ನು ಲೆಕ್ಕಿಸದೆ ಅಪರೂಪದ ಮಾಡೆಲ್ ಕೊಂಡು, ಮಾರುವಾಗ ಪೇಚಾಡುತ್ತಾರೆ. ಮರುಮಾರಾಟದ ಬೆಲೆ ನಿಜವಾಗಿ ಕಾಡುವುದು ಇಂಥವರನ್ನು.

ಡಿಸೆಂಬರ್ ತಿಂಗಳ ರಿಯಾಯಿತಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಜನವರಿ ಬಂತೆಂದರೆ ಸ್ಟಾಕಿನಲ್ಲಿರುವ ಗಾಡಿ ಹಿಂದಿನ ವರ್ಷದ ಮಾಡೆಲ್ ಆಗುತ್ತದೆ. ಅದಕ್ಕೇ ಡಿಸೆಂಬರ್‌ನಲ್ಲಿ ಡೀಲರುಗಳು ಬೆಲೆ ಇಳಿಸುತ್ತಾರೆ. ಹತ್ತು ವರ್ಷ ಇಟ್ಟುಕೊಳ್ಳುವವರು ಕಣ್ಣುಮುಚ್ಚಿ ಈ ರಿಯಾಯಿತಿ ಪಡೆಯಬಹುದು. ಮೂರು ನಾಲ್ಕು ವರ್ಷಕ್ಕೆ ಮಾರುವವರು ಜನವರಿಯ ಗಾಡಿಯನ್ನೇ ಕೊಳ್ಳುವುದು ವಾಸಿ, ಏಕೆಂದರೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆರ್‌ಸಿಯಲ್ಲಿ ಮೊದಲು ನೋಡುವುದೇ ತಯಾರಾದ ತಿಂಗಳು ಮತ್ತು ವರ್ಷವನ್ನು.

ಕರ್ನಾಟಕದವರು ಲೈಫ್‌ಟೈಮ್ ಟ್ಯಾಕ್ಸ್ ಕಡೆಗೂ ಗಮನ ಕೊಡಬೇಕು. ದೇಶದಲ್ಲೇ ಅತಿ ಹೆಚ್ಚು ವಾಹನ ತೆರಿಗೆ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷದವರೆಗೆ ಶೇ 14, 10ರಿಂದ 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಇದರ ಮೇಲೆ ಸೆಸ್ ಬೇರೆ. 9.9 ಲಕ್ಷದ ಕಾರಿಗೆ ತೆರಿಗೆ ಸುಮಾರು 1.39 ಲಕ್ಷವಾದರೆ 10.1 ಲಕ್ಷದ ಕಾರಿಗೆ ಸುಮಾರು 1.72 ಲಕ್ಷ. ಬೆಲೆಯಲ್ಲಿ 20 ಸಾವಿರದ ಅಂತರ, ತೆರಿಗೆಯಲ್ಲಿ 33 ಸಾವಿರದ ಅಂತರ! ಸನ್‌ರೂಫ್ ಇರುವ ವೇರಿಯೆಂಟ್ ಬೇಕೆಂಬ ಆಸೆಗೆ ಹತ್ತು ಲಕ್ಷದ ಗೆರೆ ದಾಟುವ ಮೊದಲು ಈ ಲೆಕ್ಕವನ್ನು ಡೀಲರ್ ಕೈಯಲ್ಲಿ ಬರೆಸಿಕೊಳ್ಳಿ. ಟಾಪ್ ವೇರಿಯೆಂಟಿಗೆ ಹೆಚ್ಚಿಗೆ ಸುರಿದ ಹಣ ಮಾರುವಾಗ ಅದೇ ಪ್ರಮಾಣದಲ್ಲಿ ವಾಪಸ್ ಬರುವುದಿಲ್ಲ. ಹಳೆಯ ಗಾಡಿ ಕೊಳ್ಳುವವರು ಸನ್‌ರೂಫ್‌ಗಿಂತ ಟೈರ್, ಕ್ಲಚ್, ಇನ್ಶೂರೆನ್ಸ್ ನೋಡುತ್ತಾರೆ.

ಸುರಕ್ಷತೆಯನ್ನು ಈ ತೂಕದ ತಕ್ಕಡಿಯಲ್ಲಿ ನಾನು ಇಡುವುದಿಲ್ಲ. ಭಾರತ್ ಎನ್‌ಕ್ಯಾಪ್ ಕ್ರ್ಯಾಶ್ ಪರೀಕ್ಷೆ 2023ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಅಂಕಗಳನ್ನು ಯಾರು ಬೇಕಾದರೂ ನೋಡಬಹುದು. ಅಲ್ಲಿ ತೀರಾ ಹಿಂದುಳಿದ ಗಾಡಿಯನ್ನು ಪಟ್ಟಿಯಿಂದ ತೆಗೆದುಹಾಕಿ, ಉಳಿದವುಗಳ ಬಗ್ಗೆ ಮಾತ್ರ ಯೋಚಿಸಿ. ಮಕ್ಕಳು ಹಿಂದಿನ ಸೀಟಿನಲ್ಲಿ ಕೂರುವ ಮನೆಯಲ್ಲಿ ಇದಕ್ಕೆ ರಾಜಿಯೇ ಇಲ್ಲ.

ಕೈಕೊಡದ ಗಾಡಿ ಯಾವುದು?

'ಈ ಕಾರು ಹೇಗೆ, ನಂಬಬಹುದಾ?' ಎಂದು ಕೇಳುವಾಗ ನಾವು ಸಾಮಾನ್ಯವಾಗಿ ಕಂಪನಿಯ ಹೆಸರು ಹೇಳುತ್ತೇವೆ. ಆದರೆ ನಂಬಿಕೆ ಕಂಪನಿಗಿಂತ ಹೆಚ್ಚಾಗಿ ಇಂಜಿನ್ ಮತ್ತು ಗೇರ್‌ಬಾಕ್ಸಿನ ಜೋಡಿಯಲ್ಲಿದೆ. ಒಂದೇ ಕಂಪನಿಯ ಒಂದೇ ಮಾಡೆಲ್‌ನಲ್ಲಿ ಮ್ಯಾನುವಲ್ ಗಾಡಿ ವರ್ಷಗಟ್ಟಲೆ ತಕರಾರಿಲ್ಲದೆ ಓಡಿದರೆ, ಆಟೊಮ್ಯಾಟಿಕ್ ಗಾಡಿ ಮತ್ತೆ ಮತ್ತೆ ವರ್ಕ್‌ಶಾಪಿಗೆ ಹೋಗಬಹುದು.

ಬೆಂಗಳೂರಿನ ಟ್ರಾಫಿಕ್ಕಿನಿಂದಾಗಿ ಆಟೊಮ್ಯಾಟಿಕ್ ಕೊಳ್ಳುವವರು ಹೆಚ್ಚಾಗಿದ್ದಾರೆ. ಹಾಗಾಗಿ ಗೇರ್‌ಬಾಕ್ಸ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಎಂಟಿ ಎಂದರೆ ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ನಿಮ್ಮ ಬದಲು ಒಂದು ಯಂತ್ರ ಮಾಡುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಇದನ್ನು ನಮ್ಮ ದೇಶದಲ್ಲಿ ಜನಪ್ರಿಯ ಮಾಡಿತು. ಗೇರ್ ಬದಲಾಗುವಾಗ ಸಣ್ಣ ಜರ್ಕ್ ಇರುತ್ತದೆ. ಆದರೆ ಬೆಲೆ ಕಡಿಮೆ, ರಿಪೇರಿ ಸುಲಭ, ಮೈಲೇಜ್‌ಗೆ ಪೆಟ್ಟಿಲ್ಲ. ಟಾರ್ಕ್ ಕನ್ವರ್ಟರ್ ದಶಕಗಳಿಂದ ಇರುವ ತಂತ್ರ, ಪೆಟ್ರೋಲ್ ಸ್ವಲ್ಪ ಹೆಚ್ಚು ಕುಡಿದರೂ ಬಾಳಿಕೆಯಲ್ಲಿ ನನ್ನ ಮೊದಲ ಆಯ್ಕೆ. ಸಿವಿಟಿ ನಗರದಲ್ಲಿ ಬೆಣ್ಣೆಯಂತೆ ನಯ. ಘಾಟಿಯಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಮಾತ್ರ ಇಂಜಿನ್ ಕಿರುಚುತ್ತದೆ, ಗಾಡಿ ಅಷ್ಟು ಬೇಗ ಏರುವುದಿಲ್ಲ.

ಇನ್ನು ಡ್ಯುಯಲ್ ಕ್ಲಚ್. ಓಡಿಸಲು ಎಲ್ಲಕ್ಕಿಂತ ಖುಷಿ ಕೊಡುವುದು ಇದೇ. ಕಣ್ಣು ಮಿಟುಕಿಸುವಷ್ಟರಲ್ಲಿ ಗೇರ್ ಬದಲಾಗಿರುತ್ತದೆ. ಆದರೆ ನಮ್ಮಲ್ಲಿ ಬರುವ ಇಂಥ ಗೇರ್‌ಬಾಕ್ಸ್‌ಗಳಲ್ಲಿ ಕೆಲವು ಒಣ ಕ್ಲಚ್ಚಿನವು, ಅಂದರೆ ಕ್ಲಚ್ಚನ್ನು ತಂಪಾಗಿಡಲು ಸುತ್ತ ಆಯಿಲ್ ಇರುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ತೆವಳಿದರೆ ಕ್ಲಚ್ ಬಿಸಿಯಾಗುತ್ತಲೇ ಇರುತ್ತದೆ. ವಾರಂಟಿ ಮುಗಿದ ಮೇಲೆ ಕೆಟ್ಟರೆ ಬಿಲ್ ಲಕ್ಷ ದಾಟಬಹುದು. ಮೇಲೆ ಹೇಳಿದ ಹತ್ತು ವರ್ಷದ ರೀಸೇಲ್ ವ್ಯತ್ಯಾಸವೆಲ್ಲ ಒಂದೇ ಬಿಲ್ಲಿನಲ್ಲಿ ಹೋಯಿತು. ಡ್ಯುಯಲ್ ಕ್ಲಚ್ ಇಷ್ಟವಾದರೆ ಕೊಳ್ಳಿ. ಜೊತೆಗೆ ಎಕ್ಸ್‌ಟೆಂಡೆಡ್ ವಾರಂಟಿಯನ್ನು ಮೊದಲ ದಿನವೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಎಎಂಟಿಗೂ ಡ್ಯುಯಲ್ ಕ್ಲಚ್ಚಿಗೂ ಅನ್ವಯಿಸುವ ಮಾತೊಂದಿದೆ. ಶಿರಾಡಿ ಏರಿನಲ್ಲಿ ಲಾರಿ ಹಿಂದೆ ನಿಂತಾಗ ಆಕ್ಸಿಲರೇಟರ್ ಮೇಲೆ ಗಾಡಿಯನ್ನು ಹಿಡಿದು ನಿಲ್ಲಿಸಬೇಡಿ. ಬ್ರೇಕ್ ಒತ್ತಿ. ಅರ್ಧ ಕ್ಲಚ್ಚಿನಲ್ಲಿ ನಿಂತ ಪ್ರತಿ ಕ್ಷಣವೂ ಕ್ಲಚ್ ಸವೆಯುತ್ತದೆ.

ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈರೈಡರ್, ಇನ್ನೋವಾ ಹೈಕ್ರಾಸ್‌ಗಳ ಸ್ಟ್ರಾಂಗ್ ಹೈಬ್ರಿಡ್ ಮಾದರಿಗಳಲ್ಲಿ ಇರುವುದು ಬೇರೆಯೇ ವ್ಯವಸ್ಥೆ. ಅದನ್ನು ಇ-ಸಿವಿಟಿ ಎನ್ನುತ್ತಾರಾದರೂ ಒಳಗೆ ಬೆಲ್ಟ್ ಇಲ್ಲ, ಸವೆಯುವ ಕ್ಲಚ್ ಇಲ್ಲ. ಗೇರುಗಳ ಒಂದು ಜೋಡಣೆಯ ಮೂಲಕ ಇಂಜಿನ್ನೂ ಮೋಟರುಗಳೂ ಕೂಡಿ ಕೆಲಸ ಮಾಡುತ್ತವೆ. ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ. ನಗರದ ನಿಂತು ಹೊರಡುವ ಓಡಾಟಕ್ಕೆ ಇದು ಹೇಳಿ ಮಾಡಿಸಿದ ವ್ಯವಸ್ಥೆ. ಕೊಳ್ಳುವಾಗ ಹೆಚ್ಚು ಹಣ ತೆರಬೇಕಷ್ಟೆ.

ಡೀಸೆಲ್ ಬಗ್ಗೆ ಹಳೆಯ ನಂಬಿಕೆಯನ್ನು ಬದಲಿಸಿಕೊಳ್ಳಬೇಕಾದ ಕಾಲ ಬಂದಿದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇದೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದಾಗ ಒಳಗಿನ ಮಸಿ ಸುಟ್ಟು ಫಿಲ್ಟರ್ ತಾನೇ ಶುದ್ಧವಾಗುತ್ತದೆ. ದಿನಾ ಮಲ್ಲೇಶ್ವರದಿಂದ ರಾಜಾಜಿನಗರಕ್ಕೆ ಹೋಗಿ ಬರುವ ಗಾಡಿಗೆ ಆ ಅವಕಾಶವೇ ಸಿಗದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಮೀಟರ್ ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉರಿಯುತ್ತದೆ. ವಾರಕ್ಕೊಮ್ಮೆ ಹುಬ್ಬಳ್ಳಿಗೋ ಕಲಬುರಗಿಗೋ ಹೋಗಿಬರುವವರು ಡೀಸೆಲ್ ಕೊಳ್ಳಲಿ, ಅವರಿಗೆ ಅದಕ್ಕಿಂತ ಒಳ್ಳೆಯ ಜೊತೆಗಾರ ಇಲ್ಲ. ಊರೊಳಗೇ ಸುತ್ತುವವರಿಗೆ ಡೀಸೆಲ್ ಬೇಡ.

ಪೆಟ್ರೋಲ್ ಬಂಕಿನಲ್ಲಿ ಈಗ ಸಿಗುವುದು ಶೇ 20 ಎಥೆನಾಲ್ ಬೆರೆಸಿದ ಇ-20. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ ಶಕ್ತಿ ಇರುವುದರಿಂದ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳ ಪೈಪು, ಸೀಲುಗಳು ಇದನ್ನು ತಾಳಿಕೊಳ್ಳುವಂತೆ ಮಾಡಲಾಗಿದೆ. ಅದಕ್ಕೂ ಹಳೆಯ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮ್ಯಾನುವಲ್ ಪುಸ್ತಕದಲ್ಲಿ ಯಾವ ಇಂಧನ ಎಂದು ಬರೆದಿದೆ ನೋಡಬೇಕು, ಮೆಕ್ಯಾನಿಕ್ ಕೈಯಲ್ಲಿ ಇಂಧನದ ರಬ್ಬರ್ ಪೈಪುಗಳನ್ನು ಪರೀಕ್ಷೆ ಮಾಡಿಸಬೇಕು.

ಇಂಜಿನ್, ಗೇರ್‌ಬಾಕ್ಸ್ ಎಷ್ಟೇ ಚೆನ್ನಾಗಿದ್ದರೂ ಒಂದು ದಿನ ಏನಾದರೂ ಕೆಟ್ಟೇ ಕೆಡುತ್ತದೆ. ಆಗ ಗಾಡಿ ಎಷ್ಟು ದಿನ ವರ್ಕ್‌ಶಾಪಿನಲ್ಲಿ ನಿಲ್ಲುತ್ತದೆ? ನನ್ನ ದೃಷ್ಟಿಯಲ್ಲಿ ನಂಬಿಕೆಯ ಅರ್ಧ ಭಾಗ ಈ ಪ್ರಶ್ನೆಯ ಉತ್ತರದಲ್ಲೇ ಇದೆ. ಶಿರಸಿಯಲ್ಲೋ ಸುಳ್ಯದಲ್ಲೋ ಕೊಪ್ಪಳದಲ್ಲೋ ಇರುವವರು ತಮ್ಮ ಊರಲ್ಲಿ, ಇಲ್ಲವೇ ಒಂದೆರಡು ಗಂಟೆಯ ದಾರಿಯಲ್ಲಿ, ಆ ಕಂಪನಿಯ ವರ್ಕ್‌ಶಾಪ್ ಇದೆಯೇ ಎಂದು ಮೊದಲು ನೋಡಬೇಕು. ಇದ್ದರೆ ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ, ಗಾಡಿ ಬಿಡಲು ಬಂದವರನ್ನು ಮಾತನಾಡಿಸಿ. 'ಸ್ಪೇರ್ ಪಾರ್ಟ್ಸ್ ಬರೋಕೆ ಎಷ್ಟು ದಿನ ಆಯ್ತು ಸಾರ್?' ಎಂದು ಕೇಳಿದರೆ ಜನ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ನಿಮ್ಮ ಬೀದಿಯ ಮೆಕ್ಯಾನಿಕ್‌ನನ್ನೂ ಕೇಳಿ. ಅವನು ಬಿಚ್ಚಿ ಜೋಡಿಸಬಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಸಿಗುವ ಗಾಡಿಯಾದರೆ ವಾರಂಟಿ ಮುಗಿದ ಮೇಲೂ ನೀವು ನೆಮ್ಮದಿಯಾಗಿರುತ್ತೀರಿ.

ಹೊಸ ಮಾಡೆಲ್ ಬಿಡುಗಡೆಯಾದ ಕೂಡಲೇ ಬುಕ್ ಮಾಡುವ ಆತುರವೂ ಬೇಡ. ಮೊದಲ ವರ್ಷದ ಗಾಡಿಗಳಲ್ಲಿ ಸಣ್ಣಪುಟ್ಟ ದೋಷಗಳು, ಸಾಫ್ಟ್‌ವೇರ್ ತೊಂದರೆಗಳು ಉಳಿದಿರುತ್ತವೆ. ಒಂದು ವರ್ಷ ಕಾದರೆ ಬೇರೆಯವರ ಅನುಭವ ನಿಮ್ಮ ಕೈಗೆ ಬರುತ್ತದೆ, ಕಂಪನಿಯೂ ತಿದ್ದಿಕೊಂಡಿರುತ್ತದೆ. ಹೊಸ ಮಾಡೆಲ್‌ಗೆ ಹಳೆಯ, ಪಳಗಿದ ಇಂಜಿನ್ನನ್ನೇ ಹಾಕಿದ್ದರೆ ಅಪಾಯ ಕಡಿಮೆ. ದೋಷವಿರುವ ವಾಹನಗಳನ್ನು ಕಂಪನಿ ವಾಪಸ್ ಕರೆಸಿ ಸರಿಪಡಿಸಬೇಕೆಂಬ ಸರ್ಕಾರದ ನಿಯಮ 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಳೆಯ ಕಾರು ಕೊಳ್ಳುವ ಮುನ್ನ ಚಾಸಿ ನಂಬರ್ ಹಿಡಿದು, ಆ ಗಾಡಿಗೆ ಯಾವುದಾದರೂ ರೀಕಾಲ್ ಬಾಕಿಯಿದೆಯೇ ಎಂದು ಕಂಪನಿಯ ವರ್ಕ್‌ಶಾಪಿನಲ್ಲಿ ವಿಚಾರಿಸಿ. ಬಾಕಿಯಿದ್ದರೆ ದುಡ್ಡಿಲ್ಲದೆ ಸರಿಮಾಡಿಕೊಡಬೇಕು.

ಮಾರುವ ಬೆಲೆ ಯಾರ ಕೈಯಲ್ಲಿ?

ಮರುಮಾರಾಟದ ಬೆಲೆ ಎಂಬುದು ಕೊಳ್ಳುವವರ ಭಯದ ಅಳತೆ. ಭಯ ಕಡಿಮೆಯಿದ್ದಷ್ಟೂ ಬೆಲೆ ಜಾಸ್ತಿ. ಇನ್ನೋವಾ ಇದಕ್ಕೆ ಒಳ್ಳೆಯ ಉದಾಹರಣೆ. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ, 2016ರಲ್ಲಿ ಕ್ರಿಸ್ಟಾ ಹೀಗೆ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಗಾಡಿಗಳು ಟ್ಯಾಕ್ಸಿಗಳಾಗಿ ರಾಜ್ಯದ ಉದ್ದಗಲ ದುಡಿದವು. ಮೀಟರಿನಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಕಂಡರೂ ಕೊಳ್ಳುವವರು ಹೆದರುವುದಿಲ್ಲ, ಏಕೆಂದರೆ ಅಷ್ಟು ಓಡಿಯೂ ನಿಲ್ಲದ ಹತ್ತಾರು ಗಾಡಿಗಳನ್ನು ಅವರು ಕಣ್ಣಾರೆ ಕಂಡಿದ್ದಾರೆ.

ಇದಕ್ಕೆ ವಿರುದ್ಧವಾದದ್ದು ಬಾಗಿಲು ಹಾಕಿದ ಕಂಪನಿಗಳ ಕಥೆ. ಜನರಲ್ ಮೋಟರ್ಸ್ 2017ರ ಕೊನೆಗೆ ಇಲ್ಲಿ ಷೆವರ್ಲೆ ಮಾರಾಟ ನಿಲ್ಲಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಸರ್ವಿಸ್, ಬಿಡಿಭಾಗ ಮುಂದುವರಿಯುತ್ತದೆ ಎಂದು ಹೇಳಿದರೂ ಫಿಗೊ, ಇಕೋಸ್ಪೋರ್ಟ್‌ಗಳ ಬೆಲೆಗೆ ಪೆಟ್ಟು ಬಿತ್ತು. ಕಾರುಗಳು ಹಿಂದಿನ ದಿನ ಎಷ್ಟು ಚೆನ್ನಾಗಿದ್ದವೋ ಮರುದಿನವೂ ಅಷ್ಟೇ ಚೆನ್ನಾಗಿದ್ದವು. ಬದಲಾದದ್ದು ಕೊಳ್ಳುವವರ ಧೈರ್ಯ.

ಸರ್ಕಾರದ ಒಂದು ತೀರ್ಮಾನವೂ ಬೆಲೆಯನ್ನು ಅಲ್ಲಾಡಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು, ಮೇಲಿನ ಸೆಸ್ ಕೂಡ ಹೋಯಿತು. ನಾಲ್ಕು ಮೀಟರ್ ಉದ್ದದೊಳಗಿನ, 1,200 ಸಿಸಿವರೆಗಿನ ಪೆಟ್ರೋಲ್ ಮತ್ತು 1,500 ಸಿಸಿವರೆಗಿನ ಡೀಸೆಲ್ ಕಾರುಗಳು ಇದರಡಿ ಬರುತ್ತವೆ. ಹೊಸ ಗಾಡಿಯ ಬೆಲೆ ಇಳಿದಾಗ ಹಳೆಯ ಗಾಡಿಯ ಬೆಲೆಯೂ ಅದರ ಹಿಂದೆಯೇ ಇಳಿಯಬೇಕಾಗುತ್ತದೆ. ಐದು ವರ್ಷದಾಚೆಯ ರೀಸೇಲ್ ಬೆಲೆಯನ್ನು ಈಗಲೇ ಖಚಿತವಾಗಿ ಹೇಳುವ ಸೇಲ್ಸ್‌ಮ್ಯಾನ್ ಮಾತನ್ನು ನಂಬಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಎಲೆಕ್ಟ್ರಿಕ್ ಕಾರಿನಲ್ಲಿ ಈ ಅನಿಶ್ಚಿತತೆ ಇನ್ನೂ ಹೆಚ್ಚು. ತಂತ್ರಜ್ಞಾನ ವರ್ಷ ವರ್ಷ ಬದಲಾಗುತ್ತಿದೆ, ಹೊಸ ಬ್ಯಾಟರಿ ಅಗ್ಗವಾದಷ್ಟೂ ಹಳೆಯ ಗಾಡಿ ಅಗ್ಗವಾಗುತ್ತದೆ. ಕೆಲವು ಕಂಪನಿಗಳು ಕೊಡುವ ಬ್ಯಾಟರಿಯ ಲೈಫ್‌ಟೈಮ್ ವಾರಂಟಿ ಮೊದಲ ಮಾಲೀಕರಿಗಷ್ಟೇ ಪೂರ್ತಿಯಾಗಿ ಸಿಗುತ್ತದೆ. ಎರಡನೆಯ ಮಾಲೀಕರಿಗೆ ವಾರಂಟಿ ಎಷ್ಟು ಉಳಿಯುತ್ತದೆ ಎಂಬುದನ್ನು ಕಾಗದದಲ್ಲಿ ಓದಿಕೊಳ್ಳಿ. ನೀವು ಮಾರುವಾಗ ಎದುರಿಗೆ ಕೂತವರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ. ದಿನಕ್ಕೆ ಹೆಚ್ಚು ಓಡಿಸುವವರಿಗೆ, ಮನೆಯಲ್ಲೇ ಚಾರ್ಜಿಂಗ್ ಇರುವವರಿಗೆ, ದೀರ್ಘಕಾಲ ಇಟ್ಟುಕೊಳ್ಳುವವರಿಗೆ ಎಲೆಕ್ಟ್ರಿಕ್ ಲಾಭ. ಮೂರು ವರ್ಷಕ್ಕೆ ಮಾರುವವರಿಗೆ ಸದ್ಯಕ್ಕೆ ನಾನು ಶಿಫಾರಸು ಮಾಡುವುದಿಲ್ಲ.

ನಿಮ್ಮ ಕೈಯಲ್ಲಿರುವ ಸಂಗತಿಗಳೂ ಇವೆ. ಪ್ರತಿ ಸರ್ವಿಸ್ ಬಿಲ್ಲನ್ನು ಒಂದು ಫೈಲಿನಲ್ಲಿಡಿ. ಎರಡನೆಯ ಕೀ ಕಳೆದುಕೊಳ್ಳಬೇಡಿ. ಬಂಪರ್ ಉಜ್ಜಿದ ಪ್ರತಿ ಸಲವೂ ಇನ್ಶೂರೆನ್ಸ್ ಕ್ಲೇಮಿಗೆ ಓಡಬೇಡಿ. ಸತತ ಐದು ವರ್ಷ ಕ್ಲೇಮ್ ಮಾಡದಿದ್ದರೆ ನೋ ಕ್ಲೇಮ್ ಬೋನಸ್ ಶೇ 50ಕ್ಕೆ ಏರುತ್ತದೆ. ಆ ಬೋನಸ್ ಗಾಡಿಯದ್ದಲ್ಲ, ನಿಮ್ಮದು. ಹಳೆಯ ಕಾರು ಮಾರುವಾಗ ಇನ್ಶೂರೆನ್ಸ್ ಕಂಪನಿಯಿಂದ ಪತ್ರ ಪಡೆದು ಹೊಸ ಕಾರಿಗೆ ಬಳಸಿಕೊಳ್ಳಬಹುದು. ಇದನ್ನು ಮರೆತು ಸಾವಿರಾರು ರೂಪಾಯಿ ಬಿಟ್ಟುಕೊಡುವವರು ತುಂಬಾ ಜನ ಇದ್ದಾರೆ. ಬೆಲೆ ಕುದುರಿಸಲು ಪಾಲಿಸಿಯಲ್ಲಿರುವ ಐಡಿವಿ, ಅಂದರೆ ಗಾಡಿಯ ವಿಮಾ ಮೌಲ್ಯ, ಒಂದು ಆಧಾರ. ಕಂಪನಿಯ ಪಟ್ಟಿ ಬೆಲೆಯಿಂದ ಎರಡು ಮೂರು ವರ್ಷದ ಗಾಡಿಗೆ ಶೇ 30, ನಾಲ್ಕೈದು ವರ್ಷದ್ದಕ್ಕೆ ಶೇ 50 ಸವಕಳಿ ಕಳೆದು ಅದನ್ನು ಲೆಕ್ಕ ಹಾಕುತ್ತಾರೆ. ಮಾರುಕಟ್ಟೆಯಲ್ಲಿ ಐಡಿವಿಗಿಂತ ಹೆಚ್ಚು ಬೆಲೆ ಬರುವ ಮಾಡೆಲ್ ಯಾವುದು, ಕಡಿಮೆ ಬರುವುದು ಯಾವುದು ಎಂದು ನಾಲ್ಕಾರು ಜಾಹೀರಾತು ನೋಡಿದರೆ ಸಾಕು, ನಿಮ್ಮ ಊರಿನ ರೀಸೇಲ್ ಪಟ್ಟಿ ನಿಮಗೇ ಸಿಗುತ್ತದೆ.

ಓಡಿಸುವ ಖುಷಿಗೂ ಬೆಲೆಯಿದೆ

ಖುಷಿ ಎಂದ ಕೂಡಲೇ ವೇಗ ಎಂದುಕೊಳ್ಳುವವರಿದ್ದಾರೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲೂ ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್. ಅಷ್ಟು ವೇಗವನ್ನು ಇಂದಿನ ಯಾವ ಸಣ್ಣ ಕಾರೂ ಮುಟ್ಟುತ್ತದೆ. ನಾನು ಹೇಳುವ ಖುಷಿ ಬೇರೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಹತ್ತುವಾಗ ಗಾಡಿ ನೀವು ಹೇಳಿದಷ್ಟೇ ತಿರುಗಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಬ್ರೇಕ್ ಪೆಡಲ್ ಎಷ್ಟು ಒತ್ತಿದರೆ ಎಷ್ಟು ನಿಲ್ಲುತ್ತದೆ ಎಂಬುದು ಕಾಲಿಗೆ ಗೊತ್ತಾಗಬೇಕು. ಮುಂದಿನ ಗಾಜಿನ ಪಕ್ಕದ ಕಂಬ ಎದುರಿನಿಂದ ಬರುವ ಬಸ್ಸನ್ನು ಮರೆಮಾಡಬಾರದು. ಇಂಥ ಗಾಡಿ ಓಡಿಸಿದವರು ಆರು ಗಂಟೆಯ ಪ್ರಯಾಣ ಮುಗಿಸಿ ಇಳಿದಾಗಲೂ ದಣಿದಿರುವುದಿಲ್ಲ. ದಣಿಯದ ಚಾಲಕರು ಸುರಕ್ಷಿತ ಚಾಲಕರು. ಆದ್ದರಿಂದ ಖುಷಿಯನ್ನು ಶೋಕಿ ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ರೀಸೇಲ್ ಹಣ ಒಂದು ದಿನ ಮಾತ್ರ ಕೈಗೆ ಬರುತ್ತದೆ, ಸ್ಟೀರಿಂಗ್ ದಿನವೂ ಕೈಯಲ್ಲಿರುತ್ತದೆ.

ಖುಷಿಯೇ ರೀಸೇಲ್ ಬೆಲೆಯಾದ ಉದಾಹರಣೆಯೂ ಉಂಟು. ಫೋಕ್ಸ್‌ವ್ಯಾಗನ್ ಪೋಲೊ ಭಾರತದಲ್ಲಿ 2022ರಲ್ಲಿ ನಿಂತುಹೋಯಿತು. ಹಿಂದಿನ ಸೀಟು ಇಕ್ಕಟ್ಟು, ಸರ್ವಿಸ್ ದುಬಾರಿ ಎಂಬ ದೂರು ಮೊದಲಿನಿಂದ ಇದ್ದದ್ದೇ. ಆದರೂ ಅದರ ಟಿಎಸ್ಐ ಇಂಜಿನ್ನಿನ ಗಾಡಿಗಳನ್ನು, ಚೆನ್ನಾಗಿ ನೋಡಿಕೊಂಡಿದ್ದರೆ, ಹುಡುಕಿ ಕೊಳ್ಳುವವರಿದ್ದಾರೆ. ಅಂಥ ಓಡಾಟ ಕೊಡುವ ಸಣ್ಣ ಕಾರು ಹೊಸದಾಗಿ ಸಿಗುವುದು ಅಪರೂಪವಾಗಿದೆ ಎಂಬುದೇ ಕಾರಣ.

ಸಣ್ಣ ಟರ್ಬೊ ಇಂಜಿನ್ ಇಷ್ಟಪಡುವವರು ಒಂದು ವಿಷಯವನ್ನು ಕೈಯಾರೆ ಪರೀಕ್ಷಿಸಬೇಕು. ಹೈವೇಯಲ್ಲಿ ಅವು ಚಿಮ್ಮುತ್ತವೆ, ಆದರೆ ಕಡಿಮೆ ಆರ್‌ಪಿಎಂನಲ್ಲಿ ಟರ್ಬೊ ಎಚ್ಚರವಾಗಿರುವುದಿಲ್ಲ. ಏರಿನ ತಿರುವಿನಲ್ಲಿ ಎರಡನೇ ಗೇರಿನಲ್ಲಿ ಗಾಡಿ ಉಸಿರು ಕಟ್ಟಿ, ಮತ್ತೆ ಮೊದಲ ಗೇರಿಗೆ ಬರಬೇಕಾಗುತ್ತದೆ. ಹೋಂಡಾ ಸಿಟಿಯಂಥ ಟರ್ಬೊ ಇಲ್ಲದ 1.5 ಲೀಟರ್ ಇಂಜಿನ್ ಒಮ್ಮೆಗೇ ಚಿಮ್ಮುವುದಿಲ್ಲ, ಒತ್ತಿದಷ್ಟೂ ಹದವಾಗಿ ಎಳೆಯುತ್ತದೆ. ಯಾವುದು ಹಿತ ಎಂಬುದು ನಿಮ್ಮ ರಸ್ತೆಯ ಮೇಲೆ ನಿಂತಿದೆ.

ಯಾರಿಗೆ ಯಾವುದು?

ತಾಲ್ಲೂಕು ಕೇಂದ್ರದಲ್ಲಿರುವ, ಮನೆಗೆ ಒಂದೇ ಕಾರು, ಹತ್ತು ವರ್ಷ ಇಟ್ಟುಕೊಳ್ಳುವ ಕುಟುಂಬ ಮೊದಲು ವರ್ಕ್‌ಶಾಪ್ ನೋಡಲಿ, ಆಮೇಲೆ ಪಳಗಿದ ಇಂಜಿನ್, ಆಮೇಲೆ ಓಡಿಸುವ ಹಿತ. ರೀಸೇಲ್ ಕೊನೆಯಲ್ಲಿರಲಿ. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್, ಮ್ಯಾನುವಲ್ ಅಥವಾ ಎಎಂಟಿ ಇವರಿಗೆ ಹೊಂದುತ್ತದೆ. ನಾಲ್ಕು ವರ್ಷದೊಳಗೆ ಮಾರುವ ಬೆಂಗಳೂರಿಗರು ರೀಸೇಲನ್ನು ಮೊದಲಿಡಲಿ. ಹೆಚ್ಚು ಮಾರಾಟವಾಗುವ ಮಾಡೆಲ್, ಮಧ್ಯದ ವೇರಿಯೆಂಟ್, ಬಿಳಿ ಅಥವಾ ಬೂದು ಬಣ್ಣ, ಆಟೊಮ್ಯಾಟಿಕ್. ಸದ್ಯದಲ್ಲೇ ಹೊಸ ತಲೆಮಾರು ಬರಲಿರುವ ಮಾಡೆಲ್ ಬೇಡ.

ಓಡಿಸುವ ಹುಚ್ಚು ಇರುವವರಿಗೆ ನನ್ನ ಸಲಹೆ ಸೆಕೆಂಡ್ ಹ್ಯಾಂಡ್. ಮೊದಲ ಮಾಲೀಕರು ಕಳೆದುಕೊಂಡ ರೀಸೇಲ್ ಬೆಲೆ ನಿಮಗೆ ಲಾಭವಾಗಿ ಬರುವುದು ಇಲ್ಲಿಯೇ. ನಾಲ್ಕೈದು ವರ್ಷ ಹಳೆಯ, ಮಾರುಕಟ್ಟೆ ಅಷ್ಟಾಗಿ ಕೇಳದ ಒಳ್ಳೆಯ ಗಾಡಿಯನ್ನು ಕೊಳ್ಳಿ, ಉಳಿದ ಹಣದಲ್ಲಿ ಒಂದು ಲಕ್ಷವನ್ನು ರಿಪೇರಿಗೆಂದೇ ತೆಗೆದಿಡಿ. ಹಳೆಯ ಪುಂಟೊಗಳಿಗೆ ಈಗಲೂ ಇಂಜಿನ್ ಕೆಲಸ ಮಾಡಿಸುವುದು ಅಷ್ಟು ಕಷ್ಟವಲ್ಲ, ಏಕೆಂದರೆ ಅದೇ ಇಂಜಿನ್ನಿನ ಸ್ವಿಫ್ಟ್, ಡಿಸೈರ್‌ಗಳು ರಸ್ತೆಯ ತುಂಬ ಇವೆ. ಬಾಗಿಲು, ಹೆಡ್‌ಲೈಟ್, ಬಂಪರ್ ಬೇಕಾದರೆ ಮಾತ್ರ ಗುಜರಿ ಅಂಗಡಿಗಳನ್ನು ಸುತ್ತಬೇಕು. ಅಂಥ ಗಾಡಿ ಮನೆಯ ಎರಡನೇ ಕಾರಾಗಿರಲಿ.

ಹಳೆಯ ಕಾರು ಕೊಳ್ಳುವಾಗ ಆರ್‌ಟಿಒ ಕಚೇರಿಯಿಂದ ಗಾಡಿಯ ದಾಖಲೆಯ ಪ್ರತಿಯಾದ ಬಿ-ಎಕ್ಸ್‌ಟ್ರಾಕ್ಟ್ ತೆಗೆಸಿ, ಸಾಲದ ನಮೂದು ಇದೆಯೇ ನೋಡಿ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿನ ಗಾಡಿಗಳು ಅಗ್ಗಕ್ಕೆ ಇಲ್ಲಿಗೆ ಬರುತ್ತವೆ. ಎನ್‌ಒಸಿ ಇಲ್ಲದೆ ಮುಟ್ಟಬೇಡಿ. ಹೊರರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಇಲ್ಲಿನ ನೋಂದಣಿ ಮಾಡಿಸಬೇಕು, ಗಾಡಿಯ ವಯಸ್ಸಿಗೆ ತಕ್ಕ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಆ ಮೊತ್ತ ಸೇರಿಸಿದರೆ ಅಗ್ಗದ ಗಾಡಿ ಅಗ್ಗವಾಗಿ ಉಳಿಯುವುದಿಲ್ಲ. ಮಾರುವವರಿಗೂ ಒಂದು ಮಾತು: ಮಾರಿದ 14 ದಿನದೊಳಗೆ ಮಾಲೀಕತ್ವ ಬದಲಾವಣೆಯನ್ನು ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಹೆಸರು ಬದಲಾಗದೆ ಅಪಘಾತವಾದರೆ ನೋಟಿಸ್ ಬರುವುದು ನಿಮ್ಮ ಹೆಸರಿಗೆ.

ಇನ್ನು ಟೆಸ್ಟ್ ಡ್ರೈವ್. ಶೋರೂಮಿನ ಸುತ್ತ ಒಂದು ರೌಂಡ್ ಹೊಡೆಸಿ ಕಳಿಸುವುದಕ್ಕೆ ಒಪ್ಪಬೇಡಿ. ಗಾಡಿಯನ್ನು ನಿಮ್ಮ ಮನೆಗೆ ತರಿಸಿಕೊಳ್ಳಿ. ನಿಮ್ಮ ಗೇಟಿನೊಳಗೆ ಹೋಗುತ್ತದೆಯೇ, ನಿಮ್ಮ ಬೀದಿಯ ರಸ್ತೆಯುಬ್ಬಿಗೆ ತಳ ಉಜ್ಜುತ್ತದೆಯೇ, ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಹಿಂದಕ್ಕೆ ಜಾರುತ್ತದೆಯೇ ನೋಡಿ. ಅಪ್ಪ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಮೊಣಕಾಲು ನೋಯದೆ ಹತ್ತಿ ಇಳಿಯುತ್ತಾರೆಯೇ ಗಮನಿಸಿ. ಡೀಲರ್ ಕಡೆಯವರು ಕೀಯನ್ನು ಸಾಮಾನ್ಯವಾಗಿ ಮನೆಯ ಯಜಮಾನರ ಕೈಗಷ್ಟೇ ಕೊಡುತ್ತಾರೆ. ದಿನವೂ ಮಕ್ಕಳನ್ನು ಶಾಲೆಗೆ ಬಿಟ್ಟು ಆಫೀಸಿಗೆ ಹೋಗುವುದು ಹೆಂಡತಿಯೋ ಮಗಳೋ ಆಗಿದ್ದರೆ ಅವರೇ ಮೊದಲು ಓಡಿಸಲಿ. ಕ್ಲಚ್ ಭಾರ, ಸೀಟಿನ ಎತ್ತರ, ಕನ್ನಡಿಯಲ್ಲಿ ಹಿಂದಿನ ನೋಟ ಅವರಿಗೆ ಸರಿಹೊಂದದಿದ್ದರೆ ರೀಸೇಲ್ ಎಷ್ಟೇ ಚೆನ್ನಾಗಿದ್ದರೂ ಆ ಗಾಡಿಯನ್ನು ದಯವಿಟ್ಟು ಬುಕ್ ಮಾಡಬೇಡಿ.